ಕಂಡದ್ದನ್ನು ಯಾರ ಮುಂದೆ ಇಡುವುದು?

ದರ್ಶನ ತರಿಸುತ್ತದೆ ಎನ್ನುವ ಅಣಬೆ ತಿಂದರೆ ದೇವರು ಕಾಣುತ್ತಾನೆಯೇ ಎಂದು ನನ್ನನ್ನು ನೇರವಾಗಿಯೇ ಕೇಳಿದವರಿದ್ದಾರೆ. ಗೋವಾದ ಮಾಪುಸಾದಲ್ಲಿ ನಮ್ಮದು ಔಷಧಿ ಅಂಗಡಿ. ಫಾರ್ಮಸಿ ಓದುವಾಗ ಗಿಡಮೂಲದ ಔಷಧಗಳ ವಿಷಯವೆಂದರೆ ನನಗೆ ಪ್ರಾಣವಾಗಿತ್ತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಆ ಓದು ಇಂಥ ಪ್ರಶ್ನೆಗೆ ಒದಗುತ್ತದೆ ಎಂದುಕೊಂಡಿರಲಿಲ್ಲ. ಮಳೆಗಾಲ ಮುಗಿದು ಅಂಜುಣಾ, ಆಸಗಾಂವ, ಮೋರ್ಜಿ ಕಡೆ ಹೊರಗಿನವರು ತುಂಬಿಕೊಂಡರೆಂದರೆ ಕೇಳುವವರು ಬರತೊಡಗುತ್ತಾರೆ. ಒಬ್ಬರಿಗೆ ಇಂಥದೇ ದರ್ಶನಕ್ಕೆ ಕುಡಿಯುವ ಅಮೆಜಾನಿನ ಆಯಾವಾಸ್ಕಾ ಕಷಾಯದ ವಿಚಾರ ಬೇಕು, ಇನ್ನೊಬ್ಬರಿಗೆ ಆಫ್ರಿಕದ ಗ್ಯಾಬನ್ ದೇಶದ ಇಬೋಗಾ ಬೇರಿನದು. ಎಷ್ಟೋ ಸಲ ಅವರ ಕೈಯಲ್ಲೇ ಖಿನ್ನತೆಗೆ ಡಾಕ್ಟರು ಬರೆದ ಮಾತ್ರೆಯ ಚೀಟಿ ಇರುತ್ತದೆ. ಆಗ ಉಳಿದದ್ದೆಲ್ಲ ಬಿಟ್ಟು ನಾನು ಹೇಳುವುದು ಇಷ್ಟೇ: ಈ ಮಾತ್ರೆ ನುಂಗುತ್ತಿರುವವರು ಆ ಕಷಾಯದ ಹತ್ತಿರ ಹೋಗಬಾರದು.

ಇದಕ್ಕೆ ಕಾರಣವಿದೆ. ಆಯಾವಾಸ್ಕಾದಲ್ಲಿ ಮುಖ್ಯವಾಗಿ ಎರಡು ಗಿಡ ಸೇರುತ್ತವೆ. ಚಾಕ್ರೂನಾ ಎಂಬ ಗಿಡದ ಎಲೆಯಲ್ಲಿ ದರ್ಶನ ತರಿಸುವ ಡಿಎಂಟಿ ಎಂಬ ವಸ್ತುವಿದೆ. ಎಲೆಯನ್ನಷ್ಟೇ ಕುದಿಸಿ ಕುಡಿದರೆ ಏನೂ ಆಗದು; ನಮ್ಮ ಕರುಳು ಮತ್ತು ಯಕೃತ್ತಿನ ಒಂದು ಕಿಣ್ವ ಅದನ್ನು ಮುರಿದುಹಾಕುತ್ತದೆ. ಜೊತೆಗೆ ಹಾಕುವ ಬಳ್ಳಿಯಲ್ಲಿ ಹಾರ್ಮೀನ್, ಹಾರ್ಮಾಲೀನ್ ಇವೆ. ಇವು ಆ ಕಿಣ್ವದ ಕೈಕಟ್ಟುತ್ತವೆ; ಆಗ ಎಲೆ ಕೆಲಸ ಮಾಡುತ್ತದೆ. ಖಿನ್ನತೆಯ ಹಲವು ಮಾತ್ರೆಗಳು ಮಿದುಳಿನ ಸೆರೊಟೋನಿನ್ನನ್ನು ಹೆಚ್ಚಿಸುವಂಥವು. ಅವುಗಳ ಜೊತೆ ಈ ಬಳ್ಳಿ ಸೇರಿದರೆ ಜ್ವರ ಬಂದಂತೆ ಮೈ ಸುಟ್ಟು, ಸ್ನಾಯು ಬಿಗಿದು, ಜೀವಕ್ಕೇ ಕುತ್ತಾಗಬಹುದು. ಅಷ್ಟು ದೊಡ್ಡ ಕಾಡಿನಲ್ಲಿ ಈ ಎರಡನ್ನೇ ಹುಡುಕಿ ಜೋಡಿಸಿದ್ದು ಹೇಗೆ ಎಂದು ಅಲ್ಲಿಯ ವೈದ್ಯರನ್ನು ಕೇಳಿದರೆ, ಗಿಡಗಳೇ ಹೇಳಿಕೊಟ್ಟವು ಎನ್ನುತ್ತಾರಂತೆ. ಓದುವ ಕಾಲದಿಂದಲೂ ಈ ಉತ್ತರಕ್ಕೆ ನನ್ನಲ್ಲಿ ಗೌರವವಿದೆ. ಪ್ರಯೋಗಾಲಯವಿಲ್ಲದ ಜನ ತಲೆಮಾರುಗಟ್ಟಲೆ ಗಿಡದ ಜೊತೆ ಬದುಕಿ ಪಡೆದ ತಿಳಿವನ್ನು ಅವರು ಗಿಡದ ಹೆಸರಿಗೇ ಬಿಟ್ಟುಕೊಟ್ಟಿದ್ದಾರೆ.

ಅವ್ವ ತೀರಿಕೊಳ್ಳುವವರೆಗೂ ಇದೆಲ್ಲ ನನಗೆ ಓದಿನ ವಿಷಯವಾಗಿತ್ತು. ರಾಣೆಬೆನ್ನೂರು ಕಡೆಯ ನಮ್ಮೂರಿನಿಂದ ಅವಳನ್ನು ಕೊನೆಯ ಕಾಲಕ್ಕೆ ನಾನೇ ಕರೆತಂದು ಇಟ್ಟುಕೊಂಡಿದ್ದೆ. ಲಕ್ವಾ ಹೊಡೆದು ಮಾತು ಹೋಗಿತ್ತು. ಎಡಗೈ ಎತ್ತಿ ಏನೋ ತೋರಿಸುತ್ತಿದ್ದಳು. ಊರ ಹೊಲದ ಮಾತು ತೆಗೆದಾಗಲೆಲ್ಲ ಆ ಕೈ ಏಳುತ್ತಿತ್ತು. ಅವಳು ಹೋದ ಮೇಲೆ ಹೊಲ ಮಾರುವ ಮಾತು ಬಂತು. ಮಾರಬೇಕೆಂಬುದೇ ಅವ್ವನ ಮನಸ್ಸಾಗಿತ್ತು ಎಂದು ಅಣ್ಣ. ಸಾಯುವವರೆಗೂ ಬೇಡವೆಂದಿದ್ದಳು ಎಂದು ತಮ್ಮ. ನನ್ನ ಸಹಿಗೆ ಇಬ್ಬರೂ ಕಾಯುತ್ತಿದ್ದರು. ನನಗೆ ನಿದ್ದೆ ಬಿಟ್ಟುಹೋಯಿತು.

ಆ ಹೊತ್ತಿಗೆ ನಮ್ಮ ಅಂಗಡಿಗೆ ಬರುತ್ತಿದ್ದ ಪುಣೆಯ ಒಬ್ಬ ಹೆಂಗಸು ತಾವು ನಡೆಸುವ ಕೂಟದ ಬಗ್ಗೆ ಹೇಳಿದರು. ಆಸಗಾಂವದಲ್ಲಿ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದು, ಚಳಿಗಾಲದ ವಾರಾಂತ್ಯಗಳಲ್ಲಿ ಡೋಲು ಬಾರಿಸಿ ಜನರನ್ನು ಮನಸ್ಸಿನೊಳಗಿನ 'ಪಯಣ'ಕ್ಕೆ ಕಳಿಸುತ್ತಾರೆ. ಯಾವ ಗಿಡವೂ ಇಲ್ಲ, ಅಣಬೆಯೂ ಇಲ್ಲ. ನಾನು ಒಪ್ಪಿದ್ದು ಅವರ ಮೊದಲ ಮಾತುಕತೆಯಿಂದ. ಹೃದಯದ ತೊಂದರೆ, ಬಿಪಿ, ಮೂರ್ಛೆರೋಗ, ಈಗ ತೆಗೆದುಕೊಳ್ಳುವ ಮಾತ್ರೆ, ಮನೆತನದಲ್ಲಿ ಯಾರಿಗಾದರೂ ಚಿತ್ತ ಕದಡಿದ್ದುಂಟೆ, ಎಲ್ಲ ಕೇಳಿದರು. ನನ್ನ ಸೋದರಮಾವನಿಗೆ ಹರೆಯದಲ್ಲೇ ಕಿವಿಯಲ್ಲಿ ಮಾತು ಕೇಳಿಸತೊಡಗಿ, ಕೊನೆಯವರೆಗೂ ಚಿಕಿತ್ಸೆಯಲ್ಲೇ ಇದ್ದರು. ಅದನ್ನು ಹೇಳಿದೆ. ಅವರು ಬರೆದುಕೊಂಡು, "ಹಾಗಾದರೆ ಇಲ್ಲಿ ಡೋಲಿನಾಚೆ ಯಾರು ಏನು ಕೊಟ್ಟರೂ ನೀವು ತೆಗೆದುಕೊಳ್ಳಬಾರದು" ಎಂದರು. ಇಷ್ಟು ಎಚ್ಚರ ಇರುವವರ ಮನೆಯಲ್ಲಿ ಕಣ್ಣು ಮುಚ್ಚಿ ಮಲಗಬಹುದು ಅನ್ನಿಸಿತು.

ಕೂಟಕ್ಕೆ ಮುಂಚೆ ಒಂದು ವಾರ ಪಥ್ಯ. ಮಾಂಸ, ಮದ್ಯ, ಕಾಫಿ ಇಲ್ಲ. ಉಪ್ಪು, ಖಾರ ಕಡಿಮೆ. ಅಮೆಜಾನಿನ ಶಿಪಿಬೋ ಜನರಲ್ಲಿ ವೈದ್ಯನಾಗುವವನು ತಿಂಗಳುಗಟ್ಟಲೆ ಹೀಗೆ ಪಥ್ಯದಲ್ಲಿದ್ದು, ಒಂದೊಂದೇ ಗಿಡದ ಸಂಗ ಮಾಡುತ್ತಾನೆ. ಆ ಗಿಡ ಅವನಿಗೆ ಹಾಡು ಕೊಡುತ್ತದೆ, ಆ ಹಾಡಿನಿಂದಲೇ ಅವನು ರೋಗಿಯನ್ನು ನೋಡಿಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಹಾಡಿಗೆ ಇಕಾರೊ ಎನ್ನುತ್ತಾರೆ. ನಮ್ಮ ಕೂಟದ ಪಟ್ಟಿಯಲ್ಲಿ ಹಳೆಯ ಚೀಸ್ ಕೂಡ ನಿಷಿದ್ಧವಾಗಿತ್ತು. ಕಿಣ್ವ ತಡೆಯುವ ಔಷಧ ತೆಗೆದುಕೊಳ್ಳುವವರಿಗೆ ಹೇಳುವ ಎಚ್ಚರಿಕೆ ಅದು. ಬಳ್ಳಿಯೇ ಇಲ್ಲದ ಕಡೆ ಅದಕ್ಕೆ ರಾಸಾಯನಿಕ ಕಾರಣವಿಲ್ಲ ಎಂದು ಆ ಪುಣೆಯ ಅಕ್ಕನಿಗೆ ಹೇಳಿದೆ. ತೆಗೆದುಹಾಕಿದರು. ಆದರೆ ಉಳಿದ ಪಥ್ಯ ಪೂರ್ತಿ ಪಾಲಿಸಿದೆ, ಮತ್ತು ಅದರ ಗುಣ ಕಂಡೆ. ನಾಲಗೆ ಸಪ್ಪಗಾದ ಹಾಗೆ ದಿನದ ಗದ್ದಲವೂ ಇಳಿಯಿತು. ಏನನ್ನು ಕೇಳಲು ಹೋಗುತ್ತಿದ್ದೇನೆ ಎಂಬುದು ನಿಚ್ಚಳವಾಯಿತು.

ನಮ್ಮ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ ಶಿರಗಾಂವದ ಲಯರಾಯಿ ದೇವಿಯ ಧೋಂಡ, ಅಂದರೆ ವ್ರತ ಹಿಡಿಯುವ ಭಕ್ತ. ಪ್ರತಿ ಬೇಸಿಗೆ ಜಾತ್ರೆಗೆ ಮುಂಚೆ ರಜೆ ಹಾಕಿ ವ್ರತ ಹಿಡಿಯುತ್ತಾನೆ; ಬೇರೆಯೇ ಅಡುಗೆ, ತಣ್ಣೀರ ಸ್ನಾನ, ಕೈಯಲ್ಲಿ ಬೆತ್ತ, ಕೊರಳಲ್ಲಿ ಮಲ್ಲಿಗೆ. ಜಾತ್ರೆಯ ರಾತ್ರಿ ಕೆಂಡ ಹಾಯ್ದು ಬಂದು ಮತ್ತೆ ಅಂಗಡಿಯಲ್ಲಿ ಡಬ್ಬಿ ಜೋಡಿಸುತ್ತಾನೆ. ನನ್ನ ಪಥ್ಯ ನೋಡಿ, ಯಾರ ಹರಕೆ ಎಂದು ಕೇಳಿದ. ನನ್ನದೇ ಅಂದೆ. ಅವನಿಗೆ ಅದು ಅರ್ಥವಾಗಲಿಲ್ಲ. ಅವನು ಕೆಂಡ ತುಳಿಯುವುದು ಮನೆಯವರೆಲ್ಲರ ಪರವಾಗಿ. ಈ ಪ್ರಶ್ನೆ ಕೂಟದುದ್ದಕ್ಕೂ ನನ್ನ ಜೊತೆ ಬಂತು.

ಆ ಮನೆಯ ದೊಡ್ಡ ಕೋಣೆಯಲ್ಲಿ ಚಾಪೆ ಹಾಸಿದ್ದರು. ಬಂದವರಲ್ಲಿ ಬೆಂಗಳೂರಿನ ಐಟಿಯವರು, ಒಬ್ಬ ಜರ್ಮನ್ ಹೆಂಗಸು, ಮುಂಬೈಯ ಇಬ್ಬರು ಮೂವರು. ಅವರಲ್ಲೊಬ್ಬರು ಮಾತುಂಗಾದಲ್ಲಿ ಹೋಟೆಲು ನಡೆಸುವ ಮನೆಯವರು, ಮೂಲ ಉಡುಪಿ ಕಡೆ. ನನ್ನ ಫೋನಿನ ಮಾತು ಕೇಳಿಸಿಕೊಂಡು, "ಎಂತ, ನೀವು ಕನ್ನಡದವರಾ?" ಅಂದರು. ಆಮೇಲೆ ನನಗೆ ಅವರು ಅಣ್ಣ, ಅವರಿಗೆ ನಾನು ಅಕ್ಕ.

ಮೊದಲು ದಪ್ಪ ಕೋಕೋ ಪಾನಕ ಕೊಟ್ಟರು. ಅದರಲ್ಲಿರುವ ಥಿಯೋಬ್ರೋಮಿನ್ ಎದೆಬಡಿತವನ್ನು ತುಸು ಏರಿಸುತ್ತದೆ, ದರ್ಶನ ಮಾಡಿಸುವುದಿಲ್ಲ. ಆಮೇಲೆ ಡೋಲಿನ ವಿಧಾನ ವಿವರಿಸಿದರು. ಇದನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್. 1961ರಲ್ಲಿ ಪೆರುವಿನ ಕೊನಿಬೊ ಜನರ ನಡುವೆ ಇದ್ದಾಗ ಅವರು ಆಯಾವಾಸ್ಕಾ ಕುಡಿದವರು. ಮುಂದೆ ಬೇರೆ ಬೇರೆ ನಾಡುಗಳ ಪದ್ಧತಿ ಹೋಲಿಸಿ ನೋಡಿದಾಗ, ಬಹಳ ಕಡೆ ಗಿಡವಿಲ್ಲದೆ ಬರೀ ಬಡಿತದಿಂದಲೇ ಆ ಸ್ಥಿತಿಗೆ ಹೋಗುತ್ತಾರೆ ಎಂದು ಕಂಡುಕೊಂಡು, ನಿಮಿಷಕ್ಕೆ 205ರಿಂದ 220ರಷ್ಟು ಬಡಿತದ ಏಕತಾಳವನ್ನು ಎಲ್ಲರಿಗೂ ಕಲಿಸತೊಡಗಿದರು. ಆಯಾ ಜನರ ದೇವರು, ಹಾಡು, ಭಾಷೆ ಬಿಟ್ಟು ತಿರುಳನ್ನಷ್ಟೇ ತೆಗೆದಿದ್ದೇನೆ ಎಂಬುದು ಅವರ ವಾದ. ಹೀಗೆ ಬಿಡಿಸಿ ತೆಗೆಯಲು ಬರುತ್ತದೆಯೇ ಎಂಬುದೇ ನನ್ನ ತಕರಾರು. ಸೈಬೀರಿಯದ ಎವೆಂಕಿ ಮೊದಲಾದ ಜನರಲ್ಲಿ ಡೋಲೆಂದರೆ ಶಾಮನನ, ಅಂದರೆ ಆತ್ಮಗಳ ಜೊತೆ ಮಾತಾಡಿ ರೋಗ ನೋಡುವ ವೈದ್ಯನ, ಜೀವವೇ ಆಗಿತ್ತು. ಸೋವಿಯತ್ ಆಳ್ವಿಕೆಯಲ್ಲಿ ಶಾಮನರನ್ನು ಸೆರೆಗೆ ಹಾಕಿ, ಡೋಲುಗಳನ್ನು ಕಿತ್ತುಕೊಂಡರು. ಅಷ್ಟು ಬೆಲೆ ತೆತ್ತು ಉಳಿದು ಬಂದದ್ದನ್ನು ನಾವು ಚಾಪೆ ಹಾಸಿ ಕೇಳುವಾಗ ಯಾರದು ಎಂಬ ನೆನಪಾದರೂ ಇರಬೇಕು. ಪುಣೆಯ ಅಕ್ಕ ಇದನ್ನು ಒಪ್ಪಿ, ಪ್ರತಿ ಸಲ ಬಾರಿಸುವ ಮುಂಚೆ ಆ ಜನರ ಹೆಸರು ಹೇಳಿ ಕೈಮುಗಿಯುತ್ತಾರೆ.

ಕಣ್ಣಿಗೆ ಬಟ್ಟೆ ಕಟ್ಟಿ ಮಲಗಿದೆವು. ನಿಮಗೆ ನಿಜವಾಗಿ ಗೊತ್ತಿರುವ ಒಂದು ತೂತು, ಬಾವಿ, ಗುಹೆ ಅಥವಾ ಮರದ ಬೇರು ನೆನೆದು ಅದರೊಳಗೆ ಇಳಿಯಿರಿ ಎಂದರು. ಕೆಳಗೆ ಯಾವುದಾದರೂ ಪ್ರಾಣಿ ಸಿಕ್ಕರೆ ನಿಮ್ಮ ಪ್ರಶ್ನೆ ಕೇಳಿರಿ. ಬಡಿತ ಬದಲಾಗಿ ಏಳೇಳು ಪೆಟ್ಟು ಕೇಳಿದಾಗ ಹೋದ ದಾರಿಯಲ್ಲೇ ಹಿಂದಿರುಗಿರಿ. ಡೋಲು ಶುರುವಾಯಿತು. ನನಗೆ ಯೋಚಿಸಬೇಕಾಗಿಯೇ ಬರಲಿಲ್ಲ. ನಮ್ಮ ಹೊಲದ ಬಾವಿ ಬಂತು. ಕಲ್ಲು ಕಟ್ಟಿದ, ಮೆಟ್ಟಿಲಿದ್ದ, ಒಂದು ಮೂಲೆ ಕುಸಿದ ಬಾವಿ. ಮೊದಮೊದಲು ನಾನೇ ಕಲ್ಪಿಸಿಕೊಳ್ಳುತ್ತಿದ್ದೇನೆ ಎಂಬ ಅರಿವು ಇತ್ತು. ಎಷ್ಟೋ ಹೊತ್ತಿನ ಮೇಲೆ ಆ ಅರಿವು ಸರಿದು, ಕಾಣುವುದು ನನ್ನ ಕೈಮೀರಿ ನಡೆಯತೊಡಗಿತು. ಬಡಿತ ಕಿವಿಯಲ್ಲಿಲ್ಲ, ಎದೆಯ ಎಲುಬಿನಲ್ಲಿದೆ. ಕೆಳಗೆ ನೀರಿರಲಿಲ್ಲ. ಒಣಗಿದ ತಳದಲ್ಲಿ ಒಂದು ಚಿಗರಿ ನಿಂತಿತ್ತು, ಕಪ್ಪು ಬೆನ್ನು, ತಿರುಚಿದ ಕೋಡು. ಅವ್ವ ಏನು ಹೇಳಬೇಕೆಂದಿದ್ದಳು ಎಂದು ಕೇಳಿದೆ. ಅದು ಮಾತಾಡಲಿಲ್ಲ. ಮುಂಗಾಲಿನಿಂದ ನೆಲ ಕೆರೆಯಿತು, ಮತ್ತೆ ಕೆರೆಯಿತು. ಏಳು ಪೆಟ್ಟು ಕೇಳಿ ಮೇಲೆ ಬಂದಾಗ ನನ್ನ ಕಿವಿಯ ಬದಿಯೆಲ್ಲ ಒದ್ದೆಯಾಗಿತ್ತು.

ಆಮೇಲೆ ಸುತ್ತ ಕೂತು ಒಬ್ಬೊಬ್ಬರೇ ಹೇಳಬೇಕು. ನನ್ನ ಸರದಿ ಮುಗಿದದ್ದೇ ಬೆಂಗಳೂರಿನ ಹುಡುಗಿಯೊಬ್ಬಳು ಫೋನಿನಲ್ಲಿ ಹುಡುಕಿ, ಜಿಂಕೆ ಬಂದರೆ ಮೃದುತ್ವ, ನಿಮ್ಮನ್ನು ನೀವು ಪ್ರೀತಿಸಿಕೊಳ್ಳಬೇಕು ಎಂದು ಅರ್ಥ ಎಂದಳು. ಅವಳ ಮನಸ್ಸು ಒಳ್ಳೆಯದು. ಆದರೆ ನಮ್ಮ ಕಡೆ ಚಿಗರಿಯೆಂದರೆ ಎಳೆ ಬೆಳೆಯನ್ನು ರಾತ್ರೋರಾತ್ರಿ ತಿಂದುಹಾಕುವ ಪ್ರಾಣಿ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿಗೇ ಒಂದು ಅಭಯಾರಣ್ಯವಿದೆ. ಅಲ್ಲಿಂದ ಹಿಂಡು ಹಿಂಡಾಗಿ ಹೊಲಕ್ಕೆ ಬರುತ್ತವೆ. ಅವ್ವ ತಗಡು ಬಡಿದು ಓಡಿಸುತ್ತಿದ್ದಳು, ಬೈಯುತ್ತಿದ್ದಳು, ಒಂದಕ್ಕೂ ಕಲ್ಲು ಬೀಸಲು ಬಿಡುತ್ತಿರಲಿಲ್ಲ. ಎಲ್ಲೋ ಅಚ್ಚಾದ ಪಟ್ಟಿ ಈ ಚಿಗರಿಯನ್ನು ಹೇಗೆ ಬಲ್ಲದು?

ಸಂಜೆ ಮಾತುಂಗಾದ ಅಣ್ಣ ನನ್ನ ಹತ್ತಿರ ಕೂತು ಹೇಳಿದ್ದನ್ನು ಮರೆಯಲಾರೆ. "ನಮ್ಮ ಮನೆಯಲ್ಲಿ ವರ್ಷಾವರ್ಷ ದೈವದ ಕೋಲ ಆಗ್ತದೆ ಅಕ್ಕ. ದೈವ ನುಡಿ ಕೊಟ್ಟ ಮೇಲೆ ಹಾಗೇ ಬಿಡುವುದಿಲ್ಲ ಮಾರಾಯ್ರೆ. ಹಿರಿಯರು ಎದುರು ನಿಂತು ಕೇಳ್ತಾರೆ, ಕಳೆದ ವರ್ಷ ನೀನು ಹೀಗೆ ಅಭಯ ಕೊಟ್ಟಿದ್ದೆ, ಆಗಲಿಲ್ಲ ಯಾಕೆ ಅಂತ ದೈವದ ಹತ್ತಿರವೇ ಕೇಳ್ತಾರೆ. ದೈವ ಉತ್ತರ ಕೊಡಬೇಕು. ಇಲ್ಲಿ ನಾನು ಕಂಡದ್ದನ್ನು ಹೇಳಿದೆ, ಎಲ್ಲರೂ ಚಂದ ಅಂದ್ರು. ಯಾರೂ ಎಂತ ಕೇಳಲಿಲ್ಲ." ಹಾಗಾದರೆ ಯಾಕೆ ಬಂದಿರಿ ಎಂದೆ. ಮುಂಬೈಯಲ್ಲೇ ಹುಟ್ಟಿ ಬೆಳೆದವನು, ಕೋಲದ ದಿನ ಊರಿಗೆ ಹೋದರೂ ಬದಿಯಲ್ಲಿ ನಿಂತು ನೋಡುವುದಷ್ಟೇ, ಒಮ್ಮೆಯಾದರೂ ಒಳಗಿನಿಂದ ತಿಳಿಯಬೇಕಿತ್ತು ಎಂದರು. ಆ ಮಾತೂ ನಿಜವೇ. ನನ್ನ ಹೆಣ್ಣುಜನ್ಮಕ್ಕೆ ನಮ್ಮೂರ ಗುಡಿಯಲ್ಲಿ ಕೇಳುವ ಜಾಗ ಸಿಕ್ಕದ್ದು ಕಡಿಮೆ. ಗಂಡಸರು ಕೇಳಿ ಬಂದು ನಮಗೆ ಹೇಳುತ್ತಿದ್ದರು. ಈ ಚಾಪೆಯ ಮೇಲೆ ನನ್ನ ಪ್ರಶ್ನೆ ನಾನೇ ಕೇಳಿದೆ. ಅದಕ್ಕೆ ನಾನು ಋಣಿ.

ಮರುದಿನ ಉಸಿರಾಟದ ಸರದಿ. ಝೆಕ್ ಮೂಲದ ಮನೋವೈದ್ಯ ಸ್ಟಾನಿಸ್ಲಾವ್ ಗ್ರೋಫ್ ಮೊದಲು ಪ್ರಾಗ್‌ನಲ್ಲಿ, ಇಲ್ಲದ್ದನ್ನು ತೋರಿಸುವ ಎಲ್‌ಎಸ್‌ಡಿ ಎಂಬ ರಾಸಾಯನಿಕದ ಚಿಕಿತ್ಸಾ ಪ್ರಯೋಗ ಮಾಡಿದವರು. ಅಮೆರಿಕಕ್ಕೆ ಹೋದ ಮೇಲೆ, ಆ ಸಂಶೋಧನೆಗೆ ದಾರಿ ಮುಚ್ಚಿದಾಗ, 1970ರ ದಶಕದಲ್ಲಿ ಹೆಂಡತಿ ಕ್ರಿಸ್ಟಿನಾ ಜೊತೆ ಸೇರಿ ಬರೀ ವೇಗದ ಉಸಿರಿನಿಂದ ಅದೇ ಆಳಕ್ಕೆ ಹೋಗುವ ವಿಧಾನ ಕಟ್ಟಿದರು. ಜೋರಾಗಿ ಉಸಿರಾಡುತ್ತ ಹೋದರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ರಕ್ತ ಕ್ಷಾರದ ಕಡೆ ವಾಲುತ್ತದೆ, ಬಿಡಿ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು ಮುರುಟುತ್ತವೆ. ನನ್ನ ಎರಡೂ ಕೈ ಹಾಗೆ ಮುರುಟಿದವು. ಕಾರಣ ಬಾಯಿಪಾಠ ಗೊತ್ತಿದ್ದ ನನಗೆ, ಮುರುಟಿದ ನನ್ನ ಕೈಯಲ್ಲಿ ಅವ್ವನ ಲಕ್ವಾ ಹೊಡೆದ ಕೈ ಕಂಡಿತು. ಗಂಟಲು ಬಿಚ್ಚಿ ಅತ್ತೆ. ಪಕ್ಕದಲ್ಲಿ ಕೂತು ನನ್ನನ್ನು ನೋಡಿಕೊಳ್ಳುತ್ತಿದ್ದ ಜರ್ಮನ್ ಹೆಂಗಸು ಏನೂ ಕೇಳದೆ ಹಣೆಯ ಮೇಲೆ ಕೈ ಇಟ್ಟಿದ್ದರು. ಕ್ಯಾಲ್ಸಿಯಮ್ಮಿನಿಂದ ಬೆರಳು ಮುರುಟಿದ್ದು ಎಷ್ಟು ನಿಜವೋ, ಅವ್ವನ ದುಃಖ ನನ್ನ ಕೈಗೆ ಬಂದದ್ದೂ ಅಷ್ಟೇ ನಿಜ. ಗಿಡಗಳ ವಿಷಯದಲ್ಲೂ ಹೀಗೆಯೇ ಎಂದು ಈಗ ನಂಬುತ್ತೇನೆ. ಆ ಅಣಬೆಯಲ್ಲಿರುವ ಸಿಲೋಸೈಬಿನ್ ಮಿದುಳಿನ ಯಾವ ಗ್ರಾಹಕಕ್ಕೆ ಹೋಗಿ ಕೂರುತ್ತದೆ ಎಂದು ಹೇಳಬಲ್ಲೆ. ಅಲ್ಲಿ ಕೂತ ಮೇಲೆ ಯಾರ ಮುಖ ತೋರುತ್ತದೆ ಎಂಬುದು ಅಣುವಿನ ಸೂತ್ರದಲ್ಲಿ ಬರೆದಿರುವುದಿಲ್ಲ.

ಅಂದು ರಾತ್ರಿ ಊಟವಾದ ಮೇಲೆ, ಕೂಟದವರಲ್ಲೇ ಒಬ್ಬರು ಹಿತ್ತಲ ಕಡೆ ಕರೆದು, ಒಣಗಿದ ಅಣಬೆ ಇದೆ, ಡೋಲು ಬಾಗಿಲು ತೆರೆದಿದೆ, ಇದು ಒಳಗೆ ಕರೆದೊಯ್ಯುತ್ತದೆ ಎಂದರು. ಬೇಡವೆಂದೆ. ಸಿಲೋಸೈಬಿನ್, ಡಿಎಂಟಿ, ಮೆಸ್ಕಲಿನ್, ಎಲ್‌ಎಸ್‌ಡಿ ಎಲ್ಲವೂ ಮಾದಕ ವಸ್ತುಗಳನ್ನು ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವಂಥವು. ಔಷಧಿ ಅಂಗಡಿಯ ಪರವಾನಗಿ ಇರುವವಳು ನಾನು. ಅದಕ್ಕಿಂತ ನನ್ನನ್ನು ತಡೆದದ್ದು ಸೋದರಮಾವನ ನೆನಪು. ಆಸ್ಪತ್ರೆಗಳಲ್ಲಿ ಈಗ ನಡೆಯುತ್ತಿರುವ ಪ್ರಯೋಗಗಳಲ್ಲೂ ಮನೆತನದಲ್ಲಿ ಚಿತ್ತವಿಕಲತೆ ಇದ್ದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ರೋಲಂಡ್ ಗ್ರಿಫಿತ್ಸ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ: 36 ಜನರಲ್ಲಿ ಮೂರನೆಯ ಎರಡು ಪಾಲಿನಷ್ಟು ಮಂದಿ, ಸಿಲೋಸೈಬಿನ್ನಿನ ಆ ಒಂದು ದಿನವನ್ನು ತಮ್ಮ ಬದುಕಿನ ಐದು ಅತಿ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಅದಕ್ಕೆ ಮುಂಚೆ ಅವರ ಜೊತೆ ಹಲವು ಗಂಟೆ ಕೂತು ಬದುಕಿನ ಕಥೆ ಕೇಳಿದ್ದರು, ಆ ದಿನವಿಡೀ ಪಕ್ಕದಲ್ಲೇ ಇದ್ದರು, ಆಮೇಲೂ ಕರೆದು ಮಾತಾಡಿಸಿದರು. ಇದನ್ನು ಯಾರೂ ಎತ್ತಿ ಹೇಳುವುದಿಲ್ಲ. ಹಿತ್ತಲಲ್ಲಿ ಕಾಗದದ ಪೊಟ್ಟಣ ಬಿಚ್ಚಿದವರ ಬಳಿ ಇದ್ಯಾವುದೂ ಇರಲಿಲ್ಲ. ಪುಣೆಯ ಅಕ್ಕನಿಗೆ ವಿಷಯ ತಿಳಿಸಿದೆ. ಬೆಳಿಗ್ಗೆ ಅಕ್ಕ ಆ ಪೊಟ್ಟಣದವರನ್ನು ಮನೆಗೆ ಕಳಿಸಿದರು.

ಆ ರಾತ್ರಿ ಮಲಗಿದಾಗ ನನಗೆ ನೆನಪಾದವಳು ಮರಿಯಾ ಸಬೀನಾ. ಮೆಕ್ಸಿಕೊದ ಬೆಟ್ಟಗಳ ನಡುವಿನ ಹುವಾಟ್ಲಾ ಎಂಬ ಊರಿನ ಮಸಾಟೆಕ್ ಹೆಂಗಸು, ಬಡವಿ, ಓದು ಬಾರದವಳು. ಊರಲ್ಲಿ ಯಾರಿಗಾದರೂ ಕಾಯಿಲೆಯಾದರೆ ರಾತ್ರಿಯಿಡೀ ಕೂತು, ತಾನು 'ಪವಿತ್ರ ಮಕ್ಕಳು' ಎಂದು ಕರೆಯುತ್ತಿದ್ದ ಅಣಬೆ ತಿಂದು, ಹಾಡುತ್ತ ರೋಗದ ಮೂಲ ಹುಡುಕುತ್ತಿದ್ದಳು. 1955ರ ಜೂನಿನಲ್ಲಿ ಅಮೆರಿಕದ ಬ್ಯಾಂಕಿನ ಅಧಿಕಾರಿ ಗಾರ್ಡನ್ ವಾಸನ್ ಅವಳ ಜೊತೆ ಕೂತು ತಿಂದರು. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ಬರೆದರು. ಹೆಸರು ಬದಲಿಸಿದ್ದರೂ ಊರು ಗೊತ್ತಾಯಿತು. ಮುಂದೆ ಜಗತ್ತಿನ ಎಲ್ಲೆಡೆಯಿಂದ ಹರೆಯದವರು ದೇವರನ್ನು ಕಾಣಲು ಅಲ್ಲಿಗೆ ನುಗ್ಗಿದರು. ಪೊಲೀಸರು ಬಂದರು, ಊರಿನವರು ಅವಳ ಮೇಲೆ ಮುನಿದರು, ಅವಳ ಮನೆ ಸುಟ್ಟುಹೋಯಿತು. ಹೊರಗಿನವರು ಬಂದ ಮೇಲೆ ಆ 'ಪವಿತ್ರ ಮಕ್ಕಳ' ಶಕ್ತಿ ಕುಂದಿತು ಎಂದು ಆಕೆ ಕೊನೆಗಾಲದಲ್ಲಿ ನೊಂದು ಹೇಳಿದ್ದು ದಾಖಲಾಗಿದೆ. 1985ರಲ್ಲಿ ತೀರಿಕೊಂಡಳು, ಬಡತನದಲ್ಲೇ.

ಅವಳ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಭಾಗ ಬೇರೆ. ಸಿಲೋಸೈಬಿನ್ನನ್ನು ಅಣಬೆಯಿಂದ ಬೇರ್ಪಡಿಸಿದ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್ಮನ್ 1962ರಲ್ಲಿ ಅದರ ಮಾತ್ರೆಗಳನ್ನೇ ಹುವಾಟ್ಲಾಗೆ ಒಯ್ದು ಅವಳ ಮುಂದಿಟ್ಟರು. ರಾತ್ರಿ ಅದನ್ನೇ ತಿಂದು ಪೂಜೆ ನಡೆಸಿ, ಇದರಲ್ಲೂ ಅಣಬೆಯ ಶಕ್ತಿಯೇ ಇದೆ, ಅಣಬೆ ಸಿಗದ ಕಾಲದಲ್ಲಿ ಒದಗುತ್ತದೆ ಎಂದು ಮೆಚ್ಚಿಕೊಂಡಳಂತೆ. ಗಿಡವೋ ಮಾತ್ರೆಯೋ ಎಂಬುದು ಅವಳಿಗೆ ದೊಡ್ಡದಾಗಲಿಲ್ಲ. ನೋವು ಕೊಟ್ಟದ್ದು, ಕಾಯಿಲೆ ಇಲ್ಲದವರು, ಯಾರ ಪರವಾಗಿಯೂ ಅಲ್ಲದೆ, ತಮಗೆ ತೋರಲೆಂದು ತಿಂದದ್ದು. ಅಮೆಜಾನಿನ ಎಷ್ಟೋ ಕಡೆ ಹಿಂದೆ ಕಷಾಯ ಕುಡಿಯುತ್ತಿದ್ದವನು ವೈದ್ಯ, ರೋಗಿ ಮಲಗಿರುತ್ತಿದ್ದ. ವೈದ್ಯ ಕಂಡದ್ದು ರೋಗಿಯ ಕೆಲಸಕ್ಕೆ. ಈಗ ಎಲ್ಲರೂ ಕುಡಿಯುತ್ತಾರೆ, ಎಲ್ಲರಿಗೂ ಕಾಣುತ್ತದೆ, ಕಂಡದ್ದಕ್ಕೆ ಹೊಣೆ ಹೊರುವವರಿಲ್ಲ. ಹೊಸ ಶಾಮನರ ಕಾಲದ ಎಡವಟ್ಟು ಇಲ್ಲಿದೆ ಎಂಬುದು ನನ್ನ ತಿಳಿವಳಿಕೆ.

ಕೂಟದಲ್ಲಿ ಒಬ್ಬರು ನಮ್ಮ ವೇದದ ಸೋಮವೂ ಅಣಬೆಯೇ ಎಂದು ಹೇಳಿದಾಗ ಇದೇ ಮಾತು ಇನ್ನೊಂದು ದಿಕ್ಕಿನಿಂದ ಹೊಳೆಯಿತು. ಕೆಂಪು ಟೋಪಿಯ ಮೇಲೆ ಬಿಳಿ ಚುಕ್ಕೆಯಿರುವ ವಿಷದ ಅಣಬೆಯೇ ಸೋಮ ಎಂದು 1968ರಲ್ಲಿ ವಾದಿಸಿದ್ದು ಅದೇ ವಾಸನ್. ಎಫೆಡ್ರಾ ಗಿಡ ಎನ್ನುವ ಪಂಡಿತರೂ ಇದ್ದಾರೆ. ಋಗ್ವೇದದ ಒಂಬತ್ತನೆಯ ಮಂಡಲ ಪೂರ್ತಿ, 114 ಸೂಕ್ತಗಳು, ಸೋಮಕ್ಕೇ ಮೀಸಲು. ಆ ಮೂಲ ಗಿಡ ಕೈತಪ್ಪಿದ ಮೇಲೂ ಯಾಗ ನಿಲ್ಲಲಿಲ್ಲ. ಬದಲಿ ಬಳ್ಳಿ ಹಿಂಡಿ ನಡೆಸಿದರು. 1975ರಲ್ಲಿ ಕೇರಳದ ಪಾಂಜಾಳದಲ್ಲಿ ನಡೆದ ಅಗ್ನಿಚಯನ ಎಂಬ ಸೋಮಯಾಗದಲ್ಲೂ ಹಾಗೆಯೇ. ಗಿಡ ಹೋದರೂ ಕೂಡಿ ಮಾಡುವ ಜನ, ಕ್ರಮ, ಮಂತ್ರ ಉಳಿದರೆ ಯಾಗ ಉಳಿಯುತ್ತದೆ. ಜನವಿಲ್ಲದೆ ಗಿಡವೊಂದೇ ಉಳಿದರೆ ಏನಾಗುತ್ತದೆ ಎಂಬುದನ್ನು ನಾನು ಪ್ರತಿ ಡಿಸೆಂಬರ್ ಕೊನೆಗೆ ಅಂಗಡಿಯ ಕಟ್ಟೆಯ ಮೇಲೆ ನಡುಗುತ್ತ ಕೂತ ಹುಡುಗರ ಮುಖದಲ್ಲಿ ನೋಡುತ್ತೇನೆ. ಅವರಿಗೆ ನೀರು ಕೊಟ್ಟು ಆಸ್ಪತ್ರೆಗೆ ಕಳಿಸುವುದೇ ನನ್ನಿಂದಾಗುವ ಪೂಜೆ.

ಕೂಟದ ಕೊನೆಗೆ, ಮನೆಗೆ ಹೋಗಿ ಕಂಡದ್ದನ್ನು ಡೈರಿಯಲ್ಲಿ ಬರೆಯಿರಿ, ಚಿತ್ರ ಬಿಡಿಸಿರಿ ಎಂದರು. ನನಗೆ ನಮ್ಮ ಕಡೆಯ ದೇವರಗುಡ್ಡದ ಕಾರಣಿಕ, ಅಲ್ಲಿಯ ಭವಿಷ್ಯದ ನುಡಿ, ಕಣ್ಣ ಮುಂದೆ ಬಂತು. ಮಹಾನವಮಿಗೆ ಉಪವಾಸವಿದ್ದ ಗೊರವಪ್ಪ ಎತ್ತರದ ಬಿಲ್ಲು ಏರುತ್ತಾನೆ. 'ಸದ್ದಲೇ' ಎಂದದ್ದೇ ಮೈದಾನಕ್ಕೆ ಮೈದಾನವೇ ಉಸಿರು ಹಿಡಿಯುತ್ತದೆ. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಅರ್ಥ ಮಾಡುವವರು ಜನ. ಮಳೆಗೆ ಅಂದದ್ದೋ, ಜೋಳಕ್ಕೆ ಅಂದದ್ದೋ, ರಾಜಕೀಯಕ್ಕೋ ಎಂದು ತಿಂಗಳುಗಟ್ಟಲೆ ಬಸ್ಸಿನಲ್ಲಿ, ಕಟ್ಟೆಯಲ್ಲಿ ಜಗಳಾಡುತ್ತಾರೆ. ಬೀಳುವವನನ್ನು ಹಿಡಿಯಲು ಕೈ ಇರುವುದು, ನುಡಿಗೆ ಜಗಳಾಡಲು ಊರಿರುವುದು, ಈ ಎರಡೂ ಸೇರಿಯೇ ಕಾರಣಿಕ.

ಹಾಗಾಗಿ ಡೈರಿ ಬಿಟ್ಟು ಫೋನ್ ತೆಗೆದೆ. ಅಣ್ಣ, ತಮ್ಮ, ಊರಲ್ಲಿರುವ ಚಿಗವ್ವ, ಮೂವರನ್ನೂ ಒಟ್ಟಿಗೆ ಕರೆದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅಣ್ಣ ಸುಮ್ಮನಿದ್ದ. ತಮ್ಮ, "ಅಕ್ಕಾ, ಅದು ನಿನ್ನ ತಲ್ಯಾಗಿಂದು. ಅವ್ವನ ಮ್ಯಾಲೆ ಹಾಕಬ್ಯಾಡ" ಅಂದ. ಚಿಗವ್ವ ಮಾತ್ರ ವಿಚಾರಣೆಗೆ ನಿಂತಳು.

"ಬಾವ್ಯಾಗ ನೀರಿತ್ತೇನ?"

"ಇಲ್ಲ ಚಿಗವ್ವ. ಒಣಗಿತ್ತು."

"ಚಿಗರಿ ಮಲಗಿತ್ತೋ, ನಿಂತಿತ್ತೋ?"

"ನಿಂತಿತ್ತು. ನೆಲಾ ಕೆರಿತಿತ್ತು."

ತುಸು ಹೊತ್ತು ಆಕಡೆಯಿಂದ ಮಾತಿಲ್ಲ. ಆಮೇಲೆ, "ನೀ ಸಣ್ಣಾಕಿ ಇದ್ದಿ, ಬರಗಾಲದಾಗ ಒಂದ ಚಿಗರಿ ಆ ಬಾವ್ಯಾಗ ಬಿದ್ದಿತ್ತಲ್ಲ, ನೆನಪೈತೇನ? ನಿಮ್ಮಪ್ಪ ಬಾವಿ ಮುಚ್ಚಿಸಿಬಿಡೂಣು ಅಂದಾಗ ನಿಮ್ಮವ್ವ ಮುಚ್ಚಾಕ ಬಿಡಲಿಲ್ಲ. ಹಗ್ಗಾ ಕಟ್ಟಿ ಮ್ಯಾಲೆ ತಗಸಿದಳು" ಎಂದಳು. ಅಣ್ಣ ಆಗ ಬಾಯಿಬಿಟ್ಟ: ಹಗ್ಗ ಹಿಡಿದವರಲ್ಲಿ ತಾನೂ ಒಬ್ಬ. ನನಗೆ ನೆನಪೇ ಇರಲಿಲ್ಲ. ಎಲ್ಲೋ ತಳದಲ್ಲಿ ಕೂತಿತ್ತು, ಡೋಲು ಮೇಲೆತ್ತಿತು. ಚಿಗವ್ವನ ತೀರ್ಪು, ಅವ್ವ ಹೊಲದ ಮಾತು ಹೇಳುತ್ತಿರಲಿಲ್ಲ, ಬಾವಿಯದು ಹೇಳುತ್ತಿದ್ದಳು. ತಮ್ಮ ಅದನ್ನು ಇಂದಿಗೂ ಒಪ್ಪುವುದಿಲ್ಲ. ಆದರೆ ಮೂವರೂ ಎಷ್ಟೋ ಕಾಲದ ಮೇಲೆ ಹೊಲದ ದರ ಬಿಟ್ಟು ಅವ್ವನ ಬಗ್ಗೆ ಮಾತಾಡಿದೆವು. ಕೊನೆಗೆ ನಿಂತದ್ದು ಇಷ್ಟು: ಈ ವರ್ಷ ಮಾರುವುದಿಲ್ಲ, ಲಾವಣಿಗೆ, ಅಂದರೆ ಗೇಣಿಗೆ, ಕೊಡುವುದು, ಬಂದ ದುಡ್ಡಿನಲ್ಲಿ ಬಾವಿಯ ಹೂಳು ತೆಗೆಸಿ, ಕುಸಿದ ಮೂಲೆಗೆ ಕಲ್ಲು ಕಟ್ಟಿಸುವುದು, ಸುತ್ತ ಗೋಡೆ ಎತ್ತುವುದು. ಹೂಳು ತೆಗೆಯುವ ಕೆಲಸ ಯುಗಾದಿಗೆ ಮುಂಚೆಯೇ ಶುರುವಾಯಿತು. ನನಗೆ ನಿದ್ದೆ ಬರುತ್ತಿದೆ.

ಇದನ್ನೆಲ್ಲ ಪುಣೆಯ ಅಕ್ಕನಿಗೆ ಹೇಳಿದೆ. ನಿಮ್ಮ ಡೋಲು ಒಳ್ಳೆಯದು, ಎಚ್ಚರ ಒಳ್ಳೆಯದು, ಆದರೆ ಜನ ತಮ್ಮದೊಂದೇ ಪ್ರಶ್ನೆ ಹೊತ್ತು ಬಂದು, ಕಂಡದ್ದನ್ನು ಡೈರಿಯಲ್ಲಿ ಮುಚ್ಚಿಟ್ಟು ಹೋಗುತ್ತಾರೆ. ಕೇಳುವವರನ್ನು ಜೊತೆಗೆ ಕಟ್ಟಿ ಕಳಿಸಿ ಎಂದೆ. ಅವರು ಒಡನೆ ಒಪ್ಪಲಿಲ್ಲ. ಮನೆಯವರ ಮುಂದೆ ಬಾಯಿಬಿಡಲಾರದ ನೋವು ಹೊತ್ತು ಬರುವವರಿರುತ್ತಾರೆ, ಅವರಿಗೆ ಅಪರಿಚಿತರ ಕೂಟವೇ ಆಸರೆ ಎಂದರು. ಅದು ಸರಿ, ನಾನದನ್ನು ಎಣಿಸಿರಲಿಲ್ಲ. ಬಹಳ ಹೊತ್ತು ಮಾತಾಡಿ ಒಂದು ಕ್ರಮಕ್ಕೆ ಬಂದೆವು. ಇಲ್ಲಿಯ ಹೋಳಿ ಹಬ್ಬ ಶಿಗ್ಮೋ ಮುಗಿದ ವಾರದ ಕೂಟಕ್ಕೆ ಬರುವವರು, ಆರೋಗ್ಯದ ವಿವರದ ಕೆಳಗೆ ಇನ್ನೆರಡು ಹೆಸರು ಬರೆಯಬೇಕು: ಯಾರ ಪರವಾಗಿ ಕೇಳುತ್ತಾರೆ, ಕಂಡದ್ದನ್ನು ಯಾರಿಗೆ ಹೇಳಿ ಪ್ರಶ್ನೆ ಹಾಕಿಸಿಕೊಳ್ಳುತ್ತಾರೆ. ಹೇಳಲು ಯಾರೂ ಇಲ್ಲದವರ ಹೆಸರಿನ ಮುಂದೆ ನಮ್ಮಲ್ಲೇ ಒಬ್ಬರು ನಿಲ್ಲಬೇಕು. ಮಾತುಂಗಾದ ಅಣ್ಣ ತಮ್ಮ ಅಡುಗೆಮನೆಯ ಹಿರಿಯ ಭಟ್ಟರ ಮಂಡಿನೋವಿನ ಪ್ರಶ್ನೆ ತರುತ್ತೇನೆ ಎಂದಿದ್ದಾರೆ. ಆ ಬೆಂಗಳೂರಿನ ಹುಡುಗಿ ಎರಡನೆಯ ಜಾಗ ಖಾಲಿ ಬಿಟ್ಟು ಕಳಿಸಿದಳು. ಅಲ್ಲಿ ನನ್ನ ಹೆಸರು ಬರೆದಿದ್ದೇನೆ.